ದಾಟಿಸಿದವನ ನೆನಪು

ಸಿ. ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು. ಅವರು ಹುಟ್ಟಿದ್ದೂ 1939ರ ಅದೇ ತಾರೀಖಿನಂದು. ಎಪ್ಪತ್ತು ತುಂಬಿದ ದಿನವೇ ಹೋದರು. ಮರುದಿನ ಬೆಳಗಿನ ಜಾವ ಮೈಸೂರಿನಲ್ಲಿ ನಟ ವಿಷ್ಣುವರ್ಧನ್ ಹೋದರು. ನಾಡಿನ ಕಣ್ಣೀರೆಲ್ಲ ಆ ಕಡೆ ಹರಿಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಒಬ್ಬ ಸಂಗೀತಗಾರ ಹೋದಾಗ ಅವನು ಮಾಡಿದ್ದೇನು, ಯಾರಿಂದ ಪಡೆದ, ಯಾರಿಗೆ ಕೊಟ್ಟ ಎಂದು ಕೂತು ಲೆಕ್ಕ ಹಾಕುವ ವ್ಯವಧಾನ ಆ ವಾರ ನಮಗೆ ಸಿಗಲಿಲ್ಲ. ಸುಗಮ ಸಂಗೀತದ ದೊಡ್ಡ ಹೆಸರು, ಕಂಚಿನ ಕಂಠ ಎಂಬ ನಾಲ್ಕು ಮಾತಿಗೆ ಶ್ರದ್ಧಾಂಜಲಿ ಮುಗಿಯಿತು, ಇವತ್ತಿಗೂ ಬಹುಮಟ್ಟಿಗೆ ಅಷ್ಟಕ್ಕೇ ನಿಂತಿದೆ. ಅಶ್ವತ್ಥರನ್ನು ಸರಿಯಾಗಿ ನೆನೆಯಬೇಕಾದರೆ ಅವರನ್ನು ಭಾವಗೀತೆಯ ಚೌಕಟ್ಟಿನಿಂದ ಸ್ವಲ್ಪ ಹೊರಗೆ ತಂದು, ಅಮೆರಿಕದ ರಾಕ್ ಅಂಡ್ ರೋಲ್ ಆದಿಗರ ಸಾಲಿನಲ್ಲಿ ನಿಲ್ಲಿಸಿ ನೋಡಬೇಕು ಎಂಬುದು ನನ್ನ ವಾದ. ಕೇಳಿದ ಕೂಡಲೇ ಇದು ವಿಚಿತ್ರ ಅನಿಸೀತು. ಅವರ ಕೈಯಲ್ಲಿ ಇದ್ದದ್ದು ಹಾರ್ಮೋನಿಯಂ, ಗಿಟಾರಲ್ಲ. ಆದರೂ ಆ ಸಾಲಿನಲ್ಲಿ ನಿಂತಾಗ ಮಾತ್ರ ಅವರು ಮಾಡಿದ ಕೆಲಸದ ಅಳತೆಯೂ ಅವರ ಮೇಲಿರುವ ಋಣದ ಅಳತೆಯೂ ಒಟ್ಟಿಗೆ ಕಾಣುತ್ತವೆ.

ಮೊದಲು ರಾಕ್ ಅಂಡ್ ರೋಲ್ ಹುಟ್ಟಿದ್ದು ಹೇಗೆ ಎಂದು ನೋಡೋಣ. ರಾಯಚೂರು ಜಿಲ್ಲೆಯವರಾದ ನಮಗೆ ಆ ಕಥೆಯ ಮೊದಲ ಅಧ್ಯಾಯ ಬಿಡಿಸಿ ಹೇಳಬೇಕಾಗಿಲ್ಲ, ಏಕೆಂದರೆ ಅದು ಹತ್ತಿಯ ಕಥೆ. ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ಸೀಮೆಯಲ್ಲಿ ಹತ್ತಿ ಬಿಡಿಸುವ ಕರಿಯ ಜನ, ಗುಲಾಮಗಿರಿ ಕಾನೂನಿನಿಂದ ಹೋದ ಮೇಲೂ ಬದುಕಿನಿಂದ ಹೋಗದ ದಿನಗಳಲ್ಲಿ, ಬ್ಲೂಸ್ ಎಂಬ ಹಾಡಿನ ಬಗೆಯನ್ನು ಕಟ್ಟಿಕೊಂಡರು. ಒಂದು ಗಿಟಾರು, ಒಂದು ಕೊರಳು, ಸಂಜೆಗೆ ಕೇಳಲು ಒಂದಷ್ಟು ಜನ, ಅಷ್ಟೇ ಸಾಮಗ್ರಿ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆ ಸೀಮೆಯ ಲಕ್ಷಾಂತರ ಮಂದಿ ಕೂಲಿ ಅರಸಿ ಉತ್ತರದ ಕಾರ್ಖಾನೆ ನಗರಗಳಿಗೆ ಗುಳೆ ಹೋದರು. ಮಡ್ಡಿ ವಾಟರ್ಸ್ ಎಂಬ ಗಾಯಕ 1943ರಲ್ಲಿ ಸ್ಟೋವಾಲ್ ಎಂಬ ಹತ್ತಿ ತೋಟ ಬಿಟ್ಟು ಶಿಕಾಗೋ ಸೇರಿದ್ದು ಹೀಗೆಯೇ. ನಗರದ ಪಾನಗೃಹಗಳ ಗದ್ದಲದಲ್ಲಿ ಹಳ್ಳಿಯ ಗಿಟಾರಿನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಅವರು ವಿದ್ಯುತ್ ಗಿಟಾರು ಹಿಡಿದರು. ಹಾಡಿನ ಒಡಲು ಅದೇ ಇತ್ತು, ದನಿ ಮಾತ್ರ ನಗರದ ಗದ್ದಲವನ್ನು ಮೀರುವಷ್ಟಾಯಿತು. 1955ರಲ್ಲಿ ಸೇಂಟ್ ಲೂಯಿಸ್ ಊರಿನ ಚಕ್ ಬೆರ್ರಿ ಎಂಬ ತರುಣ ಶಿಕಾಗೋಗೆ ಬಂದು, ತನ್ನ ಹಾಡನ್ನು ಯಾರ ಬಳಿ ಧ್ವನಿಮುದ್ರಿಸಲಿ ಎಂದು ಇದೇ ಮಡ್ಡಿ ವಾಟರ್ಸರನ್ನು ಕೇಳಿದ. ಚೆಸ್ ಕಂಪನಿಯ ಲಿಯೊನಾರ್ಡ್ ಚೆಸ್ ಹತ್ತಿರ ಹೋಗು ಎಂಬ ಉತ್ತರ ಬಂತು. ಆ ವರ್ಷ ಹೊರಬಂದ 'ಮೇಬೆಲೀನ್' ಎಂಬ ಹಾಡು ಹೊಸದೊಂದು ಸಂಗೀತದ ಬಾಗಿಲು ತೆರೆದ ಕೆಲವೇ ಧ್ವನಿಮುದ್ರಣದ ತಟ್ಟೆಗಳಲ್ಲಿ ಒಂದು.

2017ರ ಮಾರ್ಚ್ 18ರಂದು, ತೊಂಬತ್ತರ ವಯಸ್ಸಿನಲ್ಲಿ ಚಕ್ ಬೆರ್ರಿ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಅವರನ್ನು ರಾಕ್ ಅಂಡ್ ರೋಲ್‌ನ ಜನಕ ಎಂದು ಬರೆದವು. ಅವರ 'ಜಾನಿ ಬಿ. ಗುಡ್' ಹಾಡು 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಸೇರಿ ಸೌರಮಂಡಲದ ಆಚೆಗೆ ಸಾಗುತ್ತಿದೆ ಎಂಬುದನ್ನೂ ನೆನೆದವು. ಆದರೆ ಜನಕ ಎಂಬ ಮಾತನ್ನು ಒರೆಗೆ ಹಚ್ಚಿದರೆ ಏನು ಸಿಗುತ್ತದೆ? 'ಮೇಬೆಲೀನ್' ಹಾಡಿನ ಮೂಲ 'ಐಡಾ ರೆಡ್' ಎಂಬ ಹಳೆಯ ಜನಪದ ಪಿಟೀಲು ಧಾಟಿ. ಬಿಳಿಯರ ಹಳ್ಳಿಗಳಲ್ಲಿ ಕುಣಿತಕ್ಕೆ ನುಡಿಸುತ್ತಿದ್ದದ್ದು. 'ಜಾನಿ ಬಿ. ಗುಡ್'ನ ಜಗತ್ಪ್ರಸಿದ್ಧ ಆರಂಭದ ಗಿಟಾರ್ ಪಲುಕು 1946ರ ಲೂಯಿ ಜೋರ್ಡನ್ ಹಾಡೊಂದರಲ್ಲಿ ಕಾರ್ಲ್ ಹೋಗನ್ ನುಡಿಸಿದ್ದರ ನೇರ ಮೊಮ್ಮಗು. ಬೆರ್ರಿಯ ಅನೇಕ ಹಾಡುಗಳಲ್ಲಿ ಪಿಯಾನೊ ನುಡಿಸಿದ ಜಾನಿ ಜಾನ್ಸನ್ ನಿಜಕ್ಕೆ ಆ ತಂಡದ ಯಜಮಾನ. 1952ರ ಕೊನೆಯ ರಾತ್ರಿ ಬೆರ್ರಿಯನ್ನು ತನ್ನ ತಂಡಕ್ಕೆ ಕರೆದುಕೊಂಡವನು. ಆ ಹಾಡುಗಳ ರಚನೆಯಲ್ಲಿ ನನ್ನ ಪಾಲೂ ಇದೆ ಎಂದು ಜಾನ್ಸನ್ 2000ದಲ್ಲಿ ನ್ಯಾಯಾಲಯಕ್ಕೆ ಹೋದ. ಇಷ್ಟು ವರ್ಷ ಕಳೆದ ಮೇಲೆ ಕೇಳಲಾಗದು ಎಂದು 2002ರಲ್ಲಿ ದಾವೆ ವಜಾ ಆಯಿತು. ಇಷ್ಟೆಲ್ಲ ಹೇಳಿದ ಮೇಲೂ ಚಕ್ ಬೆರ್ರಿ ನನ್ನ ಕಣ್ಣಿಗೆ ಕಿರಿದಾಗುವುದಿಲ್ಲ. ಪಿಟೀಲಿನ ಕುಣಿತ, ಬ್ಲೂಸಿನ ಬೇಗುದಿ, ಪಿಯಾನೊದ ಓಟ ಇವನ್ನೆಲ್ಲ ಒಂದೇ ಎರಡೂವರೆ ನಿಮಿಷದೊಳಗೆ ಕೂರಿಸಿ, ಶಾಲೆ, ಕಾರು, ಪ್ರೀತಿ ಎಂಬ ಹದಿಹರೆಯದ ಸಂಗತಿಗಳನ್ನು ಸ್ಪಷ್ಟ ಉಚ್ಚಾರದಲ್ಲಿ ಹಾಡಿ, ಕರಿಯರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಹಾಡಿಗೆ ಹೆಜ್ಜೆ ಹಾಕುವಂತೆ ಮಾಡಿದ್ದು ಅವರೇ. ಆದಿಗ ಎಂದರೆ ಹುಟ್ಟಿಸಿದವನಲ್ಲ, ದಾಟಿಸಿದವನು. ಇದ್ದದ್ದನ್ನು ಇಲ್ಲದ ಕಡೆಗೆ, ಕೇಳದವರ ಕಿವಿಗೆ, ಅದರ ಕಸುವು ಉಡುಗದಂತೆ ದಾಟಿಸುವುದು ಹುಟ್ಟಿಸುವುದಕ್ಕಿಂತ ಕಡಿಮೆ ಕೆಲಸವೇನಲ್ಲ.

ಈಗ ನಮ್ಮ ಕಡೆ ಬರೋಣ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಏಕತಾರಿ, ದಪ್ಪು, ತಾಳ ಹಿಡಿದು ರಾತ್ರಿಯಿಡೀ ಹಾಡುವ ತತ್ವಪದಗಳ ಪರಂಪರೆ ಮಿಸಿಸಿಪ್ಪಿಯ ಬ್ಲೂಸಿಗಿಂತ ಹಳೆಯದು. ಕಡಕೋಳ ಮಡಿವಾಳಪ್ಪ, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಇಂಥವರ ಪದಗಳು ಕಲಬುರಗಿಯಿಂದ ರಾಯಚೂರುವರೆಗೆ ಮಠದ ಕಟ್ಟೆಯಲ್ಲೂ ದರ್ಗಾದ ಅಂಗಳದಲ್ಲೂ ಒಂದೇ ಸಲೀಸಿನಲ್ಲಿ ಓಡಾಡಿವೆ. ದೇವದುರ್ಗ, ಅರಕೇರಾ, ಮಾನ್ವಿ ಕಡೆ ಅಲಾಯಿ ಕೂಡಿಸುವ ಮೊಹರಮ್ಮಿನ ದಿನಗಳಲ್ಲಿ ಹಿಂದೂಗಳು ಅಲಾಯಿ ಪದ ಹಾಡುವುದು ಯಾರಿಗೂ ಸೋಜಿಗವಲ್ಲ. ಶಿಗ್ಗಾವಿ ಸೀಮೆಯ ಶಿಶುನಾಳದ ಶರೀಫರು (1819–1889) ಈ ಪರಂಪರೆಯ ಒಂದು ಎತ್ತರ. ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ತತ್ವದ ಪದ ಕಟ್ಟಿದಂತೆಯೇ ಮೊಹರಮ್ಮಿಗೆ ರಿವಾಯತ್ ಪದಗಳನ್ನೂ ಕಟ್ಟಿದವರು ಅವರು. ಅವರ ಪದಗಳು ಸುಮಾರು ನೂರು ವರ್ಷ ಭಜನಾ ಮೇಳಗಳ ಬಾಯಲ್ಲಿ ಬದುಕಿದವು. ಬೆಂಗಳೂರಿನ, ಮೈಸೂರಿನ ಓದಿದ ಜನಕ್ಕೆ ಆ ಹೆಸರು ಹೆಚ್ಚೆಂದರೆ ಸಾಹಿತ್ಯ ಚರಿತ್ರೆಯ ಒಂದು ಸಾಲು. ಆ ಪದಗಳನ್ನು ಹುಡುಕಿ, ಆಯ್ದು, ಹಾಡಬೇಕಾದವರ ಕೈಗೆ ಕೊಟ್ಟವರು ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಧಾಟಿ ಕಟ್ಟಿದವರು ಅಶ್ವತ್ಥ್. ಅವರ ಜತೆ ದನಿ ಕೊಟ್ಟು ಅದನ್ನು ಮನೆಮನೆಗೆ ಒಯ್ದವರು ಶಿವಮೊಗ್ಗ ಸುಬ್ಬಣ್ಣ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆಯ 'ನಿತ್ಯೋತ್ಸವ' ಕ್ಯಾಸೆಟ್ ತೆರೆದ ದಾರಿಯಲ್ಲಿ, ಎಂಬತ್ತರ ದಶಕದಲ್ಲಿ ಶರೀಫರ ಪದಗಳು ಟೇಪ್ ರೆಕಾರ್ಡರ್ ಇದ್ದ ಪ್ರತಿ ಚಹಾದಂಗಡಿಗೂ ಪ್ರತಿ ಬಸ್ಸಿಗೂ ಹತ್ತಿದವು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದಾಗ ಆ ಹಾಡುಗಳಿಗೆ ನಾಡಿನ ಕಿವಿ ಆಗಲೇ ಸಿದ್ಧವಾಗಿತ್ತು.

ಇಲ್ಲಿ ಅಶ್ವತ್ಥರ ಕೊರಳಿನ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಆಗಿನ ಸುಗಮ ಸಂಗೀತಕ್ಕೆ ಒಂದು ಮರ್ಯಾದೆಯ ದನಿ ಇತ್ತು: ಆಕಾಶವಾಣಿಯ ಮೈಕಿನ ಮುಂದೆ ಕೂತು, ಮಾತಿನ ಅಂಚು ಮುರಿಯದಂತೆ, ತಗ್ಗಿದ ಸ್ವರದಲ್ಲಿ ಹಾಡುವುದು. ಅಶ್ವತ್ಥ್ ರಂಗಭೂಮಿಯ ಸಂಗೀತದಿಂದ ಬಂದವರು. ಕೊನೆಯ ಸಾಲಿನಲ್ಲಿ ನಿಂತವನಿಗೂ ಮುಟ್ಟಬೇಕು ಎಂಬುದು ಅವರ ದನಿಗೆ ಮೈಗೂಡಿತ್ತು. ತಾರಸ್ಥಾಯಿಯಲ್ಲಿ ತೆರೆದ ಗಂಟಲಿನಿಂದ ಒಂದು ಪದವನ್ನು ಎತ್ತಿ, ಹಿಗ್ಗಿಸಿ, ಒಮ್ಮೆಲೇ ಕೆಳಗಿಳಿಸಿ, ಮತ್ತೆ ಕೂಗಾಗಿಸಿ ಹಾಡುವ ರೀತಿ ಅವರದು. ಶರೀಫರ ಮಾಳಿಗೆ ಸೋರುವ ಪದವನ್ನು ಅವರು ಹಾಡಿದಾಗ ಒಳಗಿನ ಅಜ್ಞಾನದ ಕತ್ತಲೆಯ ಜತೆಗೆ ನಿಜವಾದ ಮನೆಯೊಂದರ ನಿಜವಾದ ದಿಗಿಲೂ ಕೇಳಿಸುತ್ತದೆ. ಚರ್ಮವಾದ್ಯಗಳ ಪೆಟ್ಟು ಹಿನ್ನೆಲೆಯಲ್ಲಿ ಅಡಗಿ ಕೂರುವುದಿಲ್ಲ, ಹಾಡನ್ನು ದೂಡಿಕೊಂಡು ಹೋಗುತ್ತದೆ. ಶಿಕಾಗೋದ ಗದ್ದಲದಲ್ಲಿ ಬ್ಲೂಸಿಗೆ ಬೇಕಾದ ಎತ್ತರದ ದನಿಯನ್ನು ವಿದ್ಯುತ್ ಗಿಟಾರು ಕೊಟ್ಟಿತು. ಕನ್ನಡದ ತತ್ವಪದ ನಗರದ ಮೈದಾನಕ್ಕೆ ಬಂದಾಗ ಅದನ್ನು ಕೊಟ್ಟದ್ದು ಈ ಒಂದು ಕೊರಳು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಲಕ್ಷದ ಲೆಕ್ಕದಲ್ಲಿ ಜನ ಸೇರಿದರು. ಸಿನಿಮಾ ನಟರ ಆಕರ್ಷಣೆಗಲ್ಲ, ಕವಿತೆ ಮತ್ತು ತತ್ವಪದ ಕೇಳಲು. ಕನ್ನಡದ ಹಾಡೊಂದಕ್ಕೆ ಅಷ್ಟು ಜನ ಒಟ್ಟಿಗೆ ದನಿಗೂಡಿಸಬಲ್ಲರು ಎಂಬುದು ಆ ರಾತ್ರಿಯವರೆಗೆ ಯಾರಿಗೂ ಖಾತ್ರಿ ಇರಲಿಲ್ಲ.

ಇದನ್ನು ರಾಕ್ ಎನ್ನುವುದು ಅತಿಯಾಯಿತು, ಅಶ್ವತ್ಥರ ಸಂಗೀತದ ಬೇರು ಹಿಂದೂಸ್ತಾನಿ ರಾಗಗಳಲ್ಲಿ, ರಂಗಗೀತೆಗಳಲ್ಲಿ ಇದೆಯಲ್ಲವೇ ಎಂದು ಆಕ್ಷೇಪಿಸಬಹುದು. ಆ ಮಾತು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರಾಕ್ ಅಂಡ್ ರೋಲ್ ಅನ್ನು ವಾದ್ಯಗಳಿಂದ ಗುರುತಿಸಹೊರಟರೆ ಅಮೆರಿಕದಲ್ಲೇ ಲೆಕ್ಕ ತಪ್ಪುತ್ತದೆ. ಲಿಟಲ್ ರಿಚರ್ಡ್, ಫ್ಯಾಟ್ಸ್ ಡೊಮಿನೊ, ಜೆರ್ರಿ ಲೀ ಲೂಯಿಸ್ ಮೂವರೂ ಪಿಯಾನೊದ ಮುಂದೆ ಕೂತವರು. ಅದನ್ನು ಗುರುತಿಸಬೇಕಾದದ್ದು ಅದು ಸಮಾಜದಲ್ಲಿ ಮಾಡಿದ ಕೆಲಸದಿಂದ: ಬಡವರ ಹಾಡು ಯಂತ್ರದ ನೆರವಿನಿಂದ ತನ್ನ ಕೇರಿ ದಾಟಿ, ಅದನ್ನು ಕೀಳಾಗಿ ಕಂಡವರ ಮಕ್ಕಳ ಎದೆಗೇ ಹೊಕ್ಕಿದ್ದು. ಕ್ಯಾಸೆಟ್ಟಿನ ಶರೀಫರು ಮಾಡಿದ್ದು ಅದನ್ನೇ. ಇನ್ನೂ ನೇರವಾದ ಸಾಕ್ಷ್ಯ ಬೇಕೆಂದರೆ, ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್ಮಿನಲ್ಲಿ ಗಿಟಾರು, ಡ್ರಮ್ಮುಗಳ ನಡುವೆ ಹಾಡಿದ್ದು ಶರೀಫರ ಗುಡುಗುಡಿಯ ಪದವನ್ನು. ರಾಕ್ ತಂಡ ಕಟ್ಟಿದ ಕನ್ನಡಿಗನೊಬ್ಬ ಕನ್ನಡದ ಹಾಡಿಗಾಗಿ ಕೈಚಾಚಿದಾಗ ಸಿಕ್ಕಿದ್ದು ಇಂಗ್ಲಿಷ್ ಹಾಡಿನ ಅನುಕರಣೆಯಲ್ಲ, ಹತ್ತೊಂಬತ್ತನೆಯ ಶತಮಾನದ ತತ್ವಪದ. ಆ ಪದ ಆ ತಲೆಮಾರಿನ ಕೈಗೆಟುಕುವ ಎತ್ತರದಲ್ಲಿ ಇತ್ತಲ್ಲ, ಅದಕ್ಕೆ ಕಾರಣ ಹಿಂದಿನ ಇಪ್ಪತ್ತು ವರ್ಷಗಳ ಕ್ಯಾಸೆಟ್ಟುಗಳು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹಳ್ಳಿಯ ಮೇಳಗಳಲ್ಲಿ ಶರೀಫರ ಒಂದೊಂದು ಪದಕ್ಕೂ ಸೀಮೆಗೊಂದು ಧಾಟಿ ಇತ್ತು. ಕ್ಯಾಸೆಟ್ ಬಂದ ಮೇಲೆ ಒಂದೇ ಧಾಟಿ ಪ್ರಮಾಣವಾಯಿತು. ಶಾಲೆಯ ವಾರ್ಷಿಕೋತ್ಸವದಲ್ಲಿ, ಆರ್ಕೆಸ್ಟ್ರಾದಲ್ಲಿ, ಗಣಪತಿಯ ಪೆಂಡಾಲಿನಲ್ಲಿ ಇವತ್ತು ಕೇಳುವ ಶರೀಫರ ಪದ ಬಹುಪಾಲು ಅಶ್ವತ್ಥರ ಧಾಟಿಯದು. ಅದೇ ಶರೀಫರ ಮೂಲ ಧಾಟಿ ಎಂದು ನಂಬಿದವರೂ ಇದ್ದಾರೆ. ಒಂದು ಪದದ ಹತ್ತು ಮುಖಗಳಲ್ಲಿ ಒಂಬತ್ತು ಮರೆಗೆ ಸರಿದರೆ ಅದು ನಷ್ಟವೇ. ಈ ಆಕ್ಷೇಪದ ಅರ್ಧವನ್ನು ನಾನು ಒಪ್ಪುತ್ತೇನೆ. ಇನ್ನರ್ಧಕ್ಕೆ ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ ಕೀರ್ತನೆ, ಸುಳಾದಿಗಳು ಓಲೆಯಲ್ಲಿ, ಕಾಗದದಲ್ಲಿ ಉಳಿದವು. ಅವರು ಹೇಗೆ ಹಾಡಿದರು ಎಂಬುದು ಉಳಿಯಲಿಲ್ಲ. ರಾಗದ, ತಾಳದ ಹೆಸರು ಹಸ್ತಪ್ರತಿಯಲ್ಲಿ ಇದ್ದೀತು. ಜಗನ್ನಾಥದಾಸರು ತಂಬೂರಿ ಮೀಟಿ ಯಾವ ಪದದ ಮೇಲೆ ನಿಲ್ಲುತ್ತಿದ್ದರು, ಎಲ್ಲಿ ಉಸಿರು ತೆಗೆಯುತ್ತಿದ್ದರು ಎಂದು ಯಾರು ಹೇಳಬಲ್ಲರು? ದಾಸರ ಪದಗಳನ್ನು ಭೀಮಸೇನ ಜೋಶಿಯವರು ಇಪ್ಪತ್ತನೆಯ ಶತಮಾನದಲ್ಲಿ ನಾಡಿನಾಚೆಗೆ ಒಯ್ದಾಗ ಅವುಗಳಿಗೆ ಸಿಕ್ಕಿದ್ದು ಹೊಸ ಧಾಟಿಯ ಹೊಸ ಬದುಕು. ಜಂಬಲದಿನ್ನಿಯ ಸಿದ್ಧರಾಮರು ಶರಣರ ವಚನಗಳಿಗೆ ಹಿಂದೂಸ್ತಾನಿ ರಾಗಗಳ ಮೈ ಕೊಟ್ಟಾಗಲೂ ಆದದ್ದು ಇದೇ. ರಾಯಚೂರಿನ ರಂಗಮಂದಿರ ಅವರ ಹೆಸರು ಹೊತ್ತಿದೆ. ವಚನವನ್ನು ಹಾಗೆ ಹಾಡಬಹುದೇ ಎಂಬ ಪ್ರಶ್ನೆ ಅವರನ್ನೂ ಮಲ್ಲಿಕಾರ್ಜುನ ಮನಸೂರರನ್ನೂ ಕೇಳಬಹುದಿತ್ತು. ಹಾಡುವವನು ತನ್ನ ಕಾಲದ ಧಾಟಿಯಲ್ಲಿ ಹಾಡದೆ ಇದ್ದಿದ್ದರೆ ಆ ಮಾತುಗಳು ಗ್ರಂಥಾಲಯದ ಕಪಾಟಿನಲ್ಲಿ ಕೂತಿರುತ್ತಿದ್ದವು. ಅಶ್ವತ್ಥರ ಧಾಟಿ ಉಳಿದ ಧಾಟಿಗಳನ್ನು ಮರೆಗೆ ತಳ್ಳಿದ್ದಕ್ಕೆ ಹೊಣೆ ಅವರು ಹಾಡಿದ್ದಲ್ಲ. ಉಳಿದ ಧಾಟಿಗಳನ್ನು ಯಾರೂ ಮುದ್ರಿಸಿಕೊಳ್ಳದೆ ಬಿಟ್ಟದ್ದು.

ಹಾಗೆಂದು ಚಕ್ ಬೆರ್ರಿಗೂ ಅಶ್ವತ್ಥರಿಗೂ ಇರುವ ಒಂದು ದೊಡ್ಡ ವ್ಯತ್ಯಾಸವನ್ನು ಮುಚ್ಚಿಡಲಾಗದು. ಬೆರ್ರಿ ಬ್ಲೂಸ್ ಹಾಡಿದ ಜನರ ಮಗ. ಅಶ್ವತ್ಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡು ಸಂಗೀತ ಬೆಳೆಸಿಕೊಂಡವರು, ಏಕತಾರಿಯ ಕಟ್ಟೆಯಿಂದ ಬಂದವರಲ್ಲ. ಆ ಲೆಕ್ಕದಲ್ಲಿ ಅವರು ಎಲ್ವಿಸ್ ಪ್ರೆಸ್ಲಿಗೆ ಹತ್ತಿರ. 1954ರ ಜುಲೈನಲ್ಲಿ ಮೆಂಫಿಸ್‌ನಲ್ಲಿ ಎಲ್ವಿಸ್ ಧ್ವನಿಮುದ್ರಿಸಿದ ಮೊದಲ ಯಶಸ್ವೀ ಹಾಡು ಆರ್ಥರ್ ಕ್ರಡಪ್ ಎಂಬ ಕರಿಯ ಬ್ಲೂಸ್ ಗಾಯಕ 1946ರಲ್ಲೇ ಹಾಡಿದ್ದದ್ದು. ಆ ಹಾಡಿನಿಂದ ತನಗೆ ಬರಬೇಕಾದ ಹಣದ ಬಹುಪಾಲು ಕೈಸೇರದೆಯೇ ಕ್ರಡಪ್ 1974ರಲ್ಲಿ ತೀರಿಕೊಂಡ. ಮಾನ್ವಿ, ದೇವದುರ್ಗದಿಂದಲೂ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಅವರ ಬಾಯಲ್ಲೂ ಪದಗಳಿವೆ. ಆದರೆ ಮಡ್ಡಿ ವಾಟರ್ಸರಿಗೆ ಶಿಕಾಗೋದಲ್ಲಿ ಸಿಕ್ಕ ಪಾನಗೃಹದ ವೇದಿಕೆಯಾಗಲಿ, ಹಾಡನ್ನು ತಟ್ಟೆಗಿಳಿಸುವ ಚಿಕ್ಕ ಕಂಪನಿಯಾಗಲಿ ಅವರಿಗೆ ಬೆಂಗಳೂರಿನಲ್ಲಿ ಸಿಗಲಿಲ್ಲ. ಪದ ನಗರ ಮುಟ್ಟಿತು. ಪದ ಹಾಡುವವರು ನಗರದಂಚಿನ ಶೆಡ್ಡುಗಳಲ್ಲೇ ಉಳಿದರು. ಹೀಗಿರುವಾಗ ದಾಟಿಸಿದವನ ಶ್ರದ್ಧಾಂಜಲಿಯಲ್ಲಿ ದಡದ ಈಚೆಯವರ ಹೆಸರು ಬರದಿದ್ದರೆ ಅದು ಅರೆಬರೆಯ ನೆನಪು. ಇದನ್ನು ಹೇಳಿದರೆ ಅಶ್ವತ್ಥರಿಗೆ ಅಗೌರವವಾಗುತ್ತದೆ ಎಂದು ನಾನು ಭಾವಿಸುವುದಿಲ್ಲ. ಜಾನಿ ಜಾನ್ಸನ್ನನಿಗೆ ನ್ಯಾಯಾಲಯದಲ್ಲಿ ಸಿಗದ ಮನ್ನಣೆ 2001ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನ ಹೆಸರು ಸೇರಿಸಿಕೊಂಡಾಗ ಸಿಕ್ಕಿತು, ಅದರಿಂದ ಚಕ್ ಬೆರ್ರಿಯ ಹೆಸರಿಗೆ ಒಂದು ಕೂದಲಿನಷ್ಟೂ ಕುಂದು ಬರಲಿಲ್ಲ.

ಕೊನೆಗೆ, ಈ ಪದಗಳು ಯಾರ ಹಂಗೂ ಇಲ್ಲದೆ ಹೇಗೂ ಬದುಕುತ್ತಿದ್ದವು, ನೂರು ವರ್ಷ ಬದುಕಿದ್ದವಲ್ಲ ಎಂಬ ಮಾತೂ ಇದೆ. ಅದನ್ನು ಒಪ್ಪುವುದು ನನಗೆ ಕಷ್ಟ. ಬಾಯಿಂದ ಬಾಯಿಗೆ ಸಾಗುವ ಹಾಡಿಗೆ ಬೇಕಾದದ್ದು ರಾತ್ರಿ ಕೂತು ಕಲಿಯುವ ಮುಂದಿನ ಬಾಯಿ. ವರ್ಷದಲ್ಲಿ ಆರು ತಿಂಗಳು ಊರೇ ಗುಳೆ ಹೋದರೆ, ಉಳಿದ ಸಂಜೆಗಳನ್ನು ಮೊಬೈಲು ತಿಂದರೆ, ಅಮಾವಾಸ್ಯೆಯ ಭಜನೆಗೆ ಹೊಸಬರು ಬರುವುದಿಲ್ಲ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ತತ್ವಪದಗಳನ್ನು ಹತ್ತಾರು ಸಂಪುಟಗಳಲ್ಲಿ ಅಚ್ಚು ಹಾಕಿಸಿ ದೊಡ್ಡ ಉಪಕಾರ ಮಾಡಿದೆ. ಆದರೆ ಅಚ್ಚಿನಲ್ಲಿ ಮಾತು ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. ಜಗನ್ನಾಥದಾಸರ ಕಾಲದಲ್ಲಿ ದನಿ ಹಿಡಿಯುವ ಯಂತ್ರ ಇರಲಿಲ್ಲ. ಈಗ ಅದು ಪ್ರತಿಯೊಬ್ಬರ ಜೇಬಿನಲ್ಲಿದೆ. ರಾಯಚೂರಿನಲ್ಲಿ ಆಕಾಶವಾಣಿ ಕೇಂದ್ರವಿದೆ, ವಿಶ್ವವಿದ್ಯಾಲಯವಿದೆ, ಪ್ರತಿ ತಾಲ್ಲೂಕಿನಲ್ಲಿ ಕಾಲೇಜುಗಳಿವೆ. ಅಶ್ವತ್ಥರ ಹೆಸರಿನಲ್ಲಿ ಡಿಸೆಂಬರ್ 29ಕ್ಕೆ ಅವರದೇ ಹಾಡುಗಳನ್ನು ಮತ್ತೆ ಹಾಡುವ ಕಾರ್ಯಕ್ರಮಗಳು ನಡೆಯಲಿ, ಅದರಲ್ಲಿ ತಪ್ಪೇನಿಲ್ಲ. ಅದರ ಜತೆಗೆ ಅದೇ ದಿನ ಅರಕೇರಾದಂಥ ಊರುಗಳ ಭಜನಾ ಮೇಳಗಳ ಮುಂದೆ ಒಂದು ಒಳ್ಳೆಯ ಮೈಕು ಇಟ್ಟು, ಅವರು ಹಾಡುವ ಶರೀಫರ, ಮಡಿವಾಳಪ್ಪನವರ ಪದಗಳನ್ನು ಅವರದೇ ಧಾಟಿಯಲ್ಲಿ ಮುದ್ರಿಸಿ, ಹಾಡಿದವರ ಹೆಸರು, ಊರು, ಅವರಿಗೆ ಕಲಿಸಿದವರ ಹೆಸರು ಬರೆದಿಟ್ಟು, ಹಾಡಿದವರಿಗೆ ಅದರ ಸಂಭಾವನೆ ಕೊಡುವ ಕೆಲಸವೂ ಶುರುವಾಗಬೇಕು.